ಹಾರಿ ಬಂತೋ, ಲಾರಿಯಲ್ಲಿ ಬಂತೋ

2006ರ ಡಿಸೆಂಬರಿನಲ್ಲಿ ನಿಡಗುಂದಿಯಿಂದ ನಮ್ಮ ಹೈಸ್ಕೂಲಿನ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ರಾತ್ರಿಯೆಲ್ಲ ಬಸ್ಸು. ಬೆಳಗಾದರೆ ಲಾಲ್‌ಬಾಗು, ವಿಧಾನಸೌಧ. ಮಧ್ಯಾಹ್ನ ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್‌ಎಎಲ್ ಸಂಗ್ರಹಾಲಯ. ವಿಜ್ಞಾನದ ಟೀಚರು ಎಂಬ ಕಾರಣಕ್ಕೆ ಅಲ್ಲಿ ವಿವರಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಬಯಲಲ್ಲಿ ನಿಲ್ಲಿಸಿದ ವಿಮಾನಗಳ ನಡುವೆ ನಾನು ರೆಕ್ಕೆಯ ಮೇಲಿನ ಗಾಳಿ, ಕೆಳಗಿನ ಗಾಳಿ ಅಂತ ಹೇಳುತ್ತಿದ್ದೆ. ಎಂಟನೆಯ ತರಗತಿಯ ಒಬ್ಬ ಹುಡುಗ, ಮಾತು ಕಡಿಮೆಯವನು, ಕೈ ಎತ್ತಿದ.

“ಟೀಚರ್, ಇದು ಇಲ್ಲಿಗಿ ಹಾರಿ ಬಂತೋ, ಲಾರ್‍ಯಾಗ ಬಂತೋ?”

ಮಕ್ಕಳೆಲ್ಲ ನಕ್ಕರು. ಇಲ್ಲಿ ಇಳಿಯುವುದಕ್ಕೆ ದಾರಿಯೆಲ್ಲಿದೆ, ಎಳೆದುಕೊಂಡೋ ಹೊತ್ತುಕೊಂಡೋ ತಂದಿರುತ್ತಾರೆ ಅಂದೆ. “ಹಂಗಾರ ಇದು ಸತ್ತೈತ್ರಿ” ಅಂದ ಅವನು. ಮುಖ ಸಣ್ಣದಾಗಿತ್ತು.

ಆ ಸಂಗ್ರಹಾಲಯ ನನಗೆ ಇಷ್ಟ. 2001ರಲ್ಲಿ ಶುರುವಾದದ್ದು. ಒಳಗೆ ಒಂದೊಂದು ದಶಕದ ಫೋಟೋಗಳು. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಪಾಲುಗಾರಿಕೆಯಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ ವಾಲ್‌ಚಂದ್ ಹೀರಾಚಂದ್ ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಹುಟ್ಟಿದವರು ಎಂದಾಗ ಮಕ್ಕಳಿಗೆ ಒಂದಿಷ್ಟು ಹುರುಪು ಬಂತು. ಸೊಲ್ಲಾಪುರ ಅಂದರೆ ಅವರಿಗೆ ಚಾದರ, ಸಿದ್ಧರಾಮನ ಜಾತ್ರೆ. ವಿ.ಎಂ. ಘಾಟಗೆಯವರ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿದ ಕಥೆ ಹೇಳಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ‘ಮರುತ್’ ಯುದ್ಧವಿಮಾನದ ವಿನ್ಯಾಸ ಮಾಡಿದ್ದು, 1961ರ ಜೂನಿನಲ್ಲಿ ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರಲ್ಲಿ ಅದೇ ಜಾತಿಯ ವಿಮಾನದ ಪರೀಕ್ಷೆಯಲ್ಲಿ ತೀರಿಕೊಂಡದ್ದನ್ನೂ ಹೇಳಿದೆ. ನಮ್ಮ ಬಸ್ಸು ಬಂದ ಹಾದಿಯ ಹತ್ತಿರವೇ ಅವರ ಹೆಸರಿನ ರಸ್ತೆಯಿದೆ. ಪ್ರತಿ ವರ್ಷ ಯಾರಾದರೊಬ್ಬ ಪಾಲಕರು ‘ವೈಮಾನಿಕ ಶಾಸ್ತ್ರ’ದ ಮಾತು ತೆಗೆಯುತ್ತಿದ್ದರು. 1974ರಲ್ಲಿ ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಆ ಪುಸ್ತಕವನ್ನು ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ಬರಹ, ಅದರೊಳಗಿನ ವಿಮಾನಗಳು ಹಾರಲಾರವು ಎಂದು ಬರೆದದ್ದನ್ನು ಹೇಳಿ ನಾನು ಮುಂದಕ್ಕೆ ಹೋಗುತ್ತಿದ್ದೆ. ಕೆಲವರು ಮುನಿಸಿಕೊಳ್ಳುತ್ತಿದ್ದರು.

ಹುಡುಗನ ಪ್ರಶ್ನೆ ಮಾತ್ರ ನನ್ನ ಜೊತೆಗೇ ಉಳಿಯಿತು. ಆಮೇಲೆ ಎಲ್ಲೇ ವಿಮಾನ ನಿಲ್ಲಿಸಿದ್ದು ಕಂಡರೂ ಮೊದಲು ಕೇಳುವುದು ಅದನ್ನೇ. ಸಮುದ್ರದ ಮೇಲೆ ಕಾವಲು ತಿರುಗುತ್ತಿದ್ದ ನೌಕಾಪಡೆಯ ಟುಪೊಲೆವ್-142 ವಿಮಾನಗಳು 2017ರಲ್ಲಿ ಅರಕ್ಕೋಣಂನಲ್ಲಿ ಒಟ್ಟಿಗೆ ನಿವೃತ್ತಿಯಾದವು. ಅವುಗಳಲ್ಲಿ ಒಂದು ವಿಶಾಖಪಟ್ಟಣಕ್ಕೆ ತನ್ನ ರೆಕ್ಕೆಯ ಮೇಲೆಯೇ ಹಾರಿಹೋಯಿತು. ಅಲ್ಲಿ ಬಿಚ್ಚಿ, ಕಡಲ ದಂಡೆಗೆ ಸಾಗಿಸಿ, ಮತ್ತೆ ಜೋಡಿಸಿ ಸಂಗ್ರಹಾಲಯ ಮಾಡಿದರು. ಇನ್ನೊಂದು ನಮ್ಮ ಕಾರವಾರದ ಪಾಲಿಗೆ ಬಂತು. ಅದು ಬಂದದ್ದು ತುಂಡು ತುಂಡಾಗಿ, ಟ್ರೇಲರುಗಳ ಮೇಲೆ. ಟ್ಯಾಗೋರ್ ಕಡಲತೀರದಲ್ಲಿ ‘ಚಪಲ್’ ಯುದ್ಧನೌಕೆಯ ಪಕ್ಕ ಅದೀಗ ಕೂತಿದೆ. ಲಾರಿಯಲ್ಲಿ ಬಂತು ಅಂತ ಅದರ ಮರ್ಯಾದೆಯೇನೂ ಕಡಿಮೆಯಾಗಿಲ್ಲ. ಆದರೂ ನನ್ನ ಮನಸ್ಸಿನಲ್ಲಿ ವಿಶಾಖಪಟ್ಟಣದ್ದಕ್ಕೆ ಒಂದು ಅಂಕ ಹೆಚ್ಚು.

“ಅತ್ತಿ, ಹಾರಿಕೊಂಡು ಹೋಗಿ ನೋಡೋ ಮ್ಯೂಸಿಯಂ ಅದಾವು” ಅಂತ ಫೋನಿನಲ್ಲಿ ಹೇಳಿದವನು ಅಣ್ಣನ ಮಗ. ನನಗೆ ಅಳಿಯ. ಅಮೆರಿಕದ ಉತ್ತರ ಕೆರೊಲಿನಾದ ರಾಲಿ ಊರಿನಲ್ಲಿ ಕಂಪ್ಯೂಟರ್ ಕೆಲಸ. ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ಯುದ್ಧಕಾಲದ ವಿಮಾನತಾಣವೇ ಸಂಗ್ರಹಾಲಯವಾಗಿದೆಯಂತೆ. ಮೊದಲೇ ಫೋನು ಮಾಡಿ ಅನುಮತಿ ಪಡೆದರೆ ಚಿಕ್ಕ ವಿಮಾನದವರು ಅದೇ ರನ್‌ವೇ ಮೇಲೆ ಇಳಿಯಬಹುದು. ಅಲ್ಲೇ ಇನ್ನೊಂದು ಕಡೆ, ಓಲ್ಡ್ ವಾರ್ಡನ್ ಎಂಬಲ್ಲಿ, ಇಳಿಯುವುದು ಹುಲ್ಲಿನ ಮೇಲೆ. ಅಲ್ಲಿಯ ನೂರು ವರ್ಷದ ವಿಮಾನಗಳನ್ನು ಈಗಲೂ ಹಾರಿಸುತ್ತಾರೆ. ವಿಸ್ಕಾನ್ಸಿನ್ನಿನ ಆಷ್‌ಕಾಷ್‌ನಲ್ಲಿ ಪ್ರತಿ ಜುಲೈ ಒಂದು ವಾರ ಜಾತ್ರೆ. ಹತ್ತು ಸಾವಿರ ವಿಮಾನ ಸೇರುತ್ತವೆ, ಮಂದಿ ರೆಕ್ಕೆಯ ಕೆಳಗೇ ಡೇರೆ ಹಾಕಿ ಮಲಗುತ್ತಾರೆ. “ಯಲಗೂರ ಹನಮಪ್ಪನ ಜಾತ್ರ್ಯಾಗ ಚಕ್ಕಡಿ ಕೆಳಗ ಮಲಗ್ತಿದ್ವಲ್ಲ, ಹಂಗ” ಅಂದ.

ಇದನ್ನೆಲ್ಲ ಅವನು ನನಗೆ ಹೇಳುತ್ತಿದ್ದ, ಅವರಪ್ಪನಿಗೆ ಹೇಳುವಂತಿರಲಿಲ್ಲ.

ಅಣ್ಣ ಮೂವತ್ತೊಂದು ವರ್ಷ ಸರ್ಕಾರಿ ಕೆಂಪು ಬಸ್ಸು ಓಡಿಸಿದವನು. ಒಂದು ಕುರಿಯನ್ನೂ ಹಾಯಿಸಿದವನಲ್ಲ. ನಮ್ಮ ಎರಿ ಹೊಲ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಬಂದ ಪರಿಹಾರದ ರೊಕ್ಕವನ್ನು ಅಣ್ಣ ಮುಟ್ಟದೆ ಇಟ್ಟು ಮಗನ ಓದಿಗೆ ಹಾಕಿದ. ಮಗ ದುಡಿಯಲು ಹತ್ತಿದ ಮೇಲೆ ಎಲ್ಲಾದರೂ ನಾಲ್ಕು ಎಕರೆ ಕೊಳ್ಳುತ್ತಾನೆ ಅಂತ ಅವನ ಲೆಕ್ಕ. ಮಗ ಒಂದು ಹೊಸ ಟ್ರ್ಯಾಕ್ಟರಿಗೆ ಆಗುವಷ್ಟು ದುಡ್ಡು ಹಾಕಿ ವಿಮಾನ ಹಾರಿಸುವುದನ್ನು ಕಲಿತ. ಈ ಸುದ್ದಿ ಅಣ್ಣನಿಗೆ ಮಗನಿಂದ ಬರಲಿಲ್ಲ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಯಾರೋ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಅವತ್ತಿನಿಂದ ಮಗನ ಫೋನು ಬಂದರೆ ಅಣ್ಣ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ನಾಲ್ಕು ವರ್ಷ ಹಾಗೇ ನಡೆಯಿತು. “ನೆಲಾ ಮಾರಿದ ರೊಕ್ಕಾ ಗಾಳ್ಯಾಗ ತೂರಾಕತ್ತಾನ” ಅಂತ ಒಂದೇ ಮಾತು. ವೈನಿ ಮಾತ್ರ ನನ್ನ ಹತ್ತಿರ ಬೇರೆಯೇ ಹೇಳಿದ್ದರು: “ರೊಕ್ಕದ ಸಿಟ್ಟಲ್ಲವ್ವಾ ಅದು. ಅಂಜಿಕಿ. ರಾತ್ರಿ ಎದ್ದು ಕುಂದರ್ತಾರ.”

ನಿವೃತ್ತಿಯಾದ ಮೇಲೆ, 2023ರ ಅಕ್ಟೋಬರಿನಲ್ಲಿ, ನಾನು ಅಳಿಯನ ಮನೆಗೆ ಹೋದೆ. ಹೊರಡುವ ಹಿಂದಿನ ದಿನ ಅಣ್ಣ ಮನೆಗೆ ಬಂದು ಹತ್ತು ನಿಮಿಷ ಸುಮ್ಮನೆ ಕೂತು, “ಅಂವ ಕರದ್ರ ಆ ಡಬ್ಯಾಗ ಕುಂದರಬ್ಯಾಡ” ಅಂದ. ನಾನು ಹೂಂ ಅನ್ನಲಿಲ್ಲ, ಹುಂಹೂಂ ಅಂತಲೂ ಅನ್ನಲಿಲ್ಲ.

ಅಳಿಯ ಕರೆದ. ಕರೆಯುವ ಮೊದಲು ಕೇಳಿದ್ದು: “ಅತ್ತಿ, ನಿನ್ನ ತೂಕ ಎಷ್ಟು?” ನಮ್ಮ ಕಡೆ ಹೆಣ್ಣುಮಕ್ಕಳನ್ನು ಯಾರೂ ಹೀಗೆ ಕೇಳುವುದಿಲ್ಲ. ಅವನಿಗೆ ಚಾಷ್ಟಿಯಲ್ಲ, ಕಾಗದ ಪೆನ್ನು ಹಿಡಿದು ಕೂತಿದ್ದ. ಸೆಸ್ನಾ-172 ಎಂಬ ಆ ವಿಮಾನದಲ್ಲಿ ನಾಲ್ಕು ಸೀಟುಗಳಿವೆ. 1956ರಿಂದ ತಯಾರಾಗುತ್ತಿದೆ, ಜಗತ್ತಿನಲ್ಲಿ ಅತಿ ಹೆಚ್ಚು ಕಟ್ಟಿದ ವಿಮಾನ ಅದೇ. ಆದರೆ ಟಾಕಿ ತುಂಬ ಎಣ್ಣೆ ಹಾಕಿ ನಾಲ್ಕು ಮಂದಿ ಮೈತುಂಬಿಕೊಂಡವರು ಕೂತರೆ ಭಾರ ಮೀರುತ್ತದೆ. ಜನ ಬೇಕೋ ಎಣ್ಣೆ ಬೇಕೋ ಅಂತ ಪ್ರತಿ ಸಲ ಲೆಕ್ಕ ಹಾಕಬೇಕು. ಒಟ್ಟು ಭಾರ ಎಷ್ಟು ಎಂಬುದಷ್ಟೇ ಅಲ್ಲ, ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಹಿಂದೆ ಹೆಚ್ಚಾದರೆ ಬಾಲ ತಗ್ಗಿ ವಿಮಾನ ಮಾತು ಕೇಳುವುದಿಲ್ಲ. ಚಕ್ಕಡಿಗೆ ಜೋಳದ ಚೀಲ ಹೇರುವಾಗ ಎತ್ತಿನ ಕುತ್ತಿಗೆಗೆ ನೊಗ ಏಳದ ಹಾಗೆ, ಕೂರದ ಹಾಗೆ ನೋಡುತ್ತಿದ್ದ ಅಪ್ಪನ ನೆನಪಾಯಿತು. ನಾನು ಒಯ್ದಿದ್ದ ಕಟಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಎಲ್ಲವನ್ನೂ ಅವನು ತಕ್ಕಡಿಗೆ ಇಟ್ಟ. ಇಳಕಲ್ ಸೀರೆಯ ತೂಕ ಬೇರೆ ಬರೆಯಬೇಕೇನೋ ಅಂತ ಕೇಳಿದೆ. ಆಗ ನಕ್ಕ.

ಊರಾಚೆಯ ಚಿಕ್ಕ ವಿಮಾನತಾಣ. ಗೇಟಿನಲ್ಲಿ ಯಾರೂ ಚೀಲ ತಡಕಲಿಲ್ಲ. ವಿಮಾನ ಅಳಿಯನದಲ್ಲ, ಕ್ಲಬ್ಬಿನದು. ಗಂಟೆಗೆ ಇಷ್ಟು ಅಂತ ಬಾಡಿಗೆ. ಖಾಸಗಿ ಪರವಾನಗಿಯವರು ಪ್ರಯಾಣಿಕರಿಂದ ದುಡಿಯುವಂತಿಲ್ಲ, ಬಹಳವಾದರೆ ಖರ್ಚು ಸಮಪಾಲು ಹಂಚಿಕೊಳ್ಳಬಹುದು. ಅವನು ಒಂದು ಹಾಳೆ ಹಿಡಿದು ವಿಮಾನದ ಸುತ್ತ ತಿರುಗಲು ಶುರುಮಾಡಿದ. ರೆಕ್ಕೆಯ ಕೆಳಗಿನ ತೂತಿನಿಂದ ಒಂದು ಗಾಜಿನಂಥ ಕೊಳವೆಗೆ ಸ್ವಲ್ಪ ಎಣ್ಣೆ ಇಳಿಸಿ ಬಿಸಿಲಿಗೆ ಹಿಡಿದ. ವಿಮಾನದ ಪೆಟ್ರೋಲು ತಿಳಿನೀಲಿ. ತಳದಲ್ಲಿ ನೀರಿನ ಗುಳ್ಳೆ ಇದೆಯೇ ಅಂತ ನೋಡುವುದು. ಆಮೇಲೆ ಏಣಿ ಹತ್ತಿ ಟಾಕಿಯಲ್ಲಿ ಕಡ್ಡಿ ಅದ್ದಿ ಎಣ್ಣೆ ಅಳೆದ. ಮುಳ್ಳು ತೋರಿಸುತ್ತದಲ್ಲ, ಕಡ್ಡಿ ಯಾಕೆ ಅಂದರೆ, “ಮುಳ್ಳಿನ್ನ ನಂಬಂಗಿಲ್ಲ ಅತ್ತಿ” ಅಂದ. ಪ್ರೊಪೆಲ್ಲರಿನ ಅಂಚಿಗೆ ಬೆರಳು ಎಳೆದ. ಬಗ್ಗಿ ಟೈರಿಗೆ ಅಂಗೈಯಿಂದ ಬಡಿದ. ಆ ಬಡಿತ ನೋಡಿ ನನಗೆ ಮೈ ಜುಮ್ಮೆಂದಿತು. ನಸುಕಿನ ಐದಕ್ಕೆ ನಿಡಗುಂದಿಯ ನಿಲ್ದಾಣದಲ್ಲಿ ಬಸ್ಸಿನ ಒಂದೊಂದು ಗಾಲಿಗೆ ಕಬ್ಬಿಣದ ರಾಡಿನಿಂದ ಬಡಿದು ಸಪ್ಪಳ ಕೇಳುತ್ತಿದ್ದವನ ಮಗ ಇವನು. ಕಲಿಸಿಕೊಟ್ಟವರು ಯಾರೂ ಇಲ್ಲ. ಅಥವಾ ಇದ್ದಾರೆ.

ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಸೀರೆ ಎತ್ತಿ ಹಿಡಿದು, ಹೇಗೋ ಒಳಗೆ ಕೂತೆ. ಒಳಗೆ ಅಂಬಾಸಿಡರ್ ಕಾರಿನ ಮುಂದಿನ ಸೀಟಿಗಿಂತ ಇಕ್ಕಟ್ಟು. ಕಿವಿಗೆ ಹೆಡ್‌ಸೆಟ್. ಮೇಲೆದ್ದಾಗ ನಾನು ಹೆದರುತ್ತೇನೆ ಅಂದುಕೊಂಡಿದ್ದೆ. ಹೆದರಿಕೆಗಿಂತ ಬೆರಗು ದೊಡ್ಡದಿತ್ತು. ದೊಡ್ಡ ವಿಮಾನದಲ್ಲಿ ನಾವು ಮೋಡದ ಮೇಲೆ ಹೋಗಿಬಿಡುತ್ತೇವೆ, ಊರು ಕಾಣುವುದಿಲ್ಲ. ಇಲ್ಲಿ ಮೂರೂವರೆ ಸಾವಿರ ಅಡಿಯಲ್ಲಿ ಹೊಲದ ಸಾಲು, ಹಿತ್ತಲಿನ ಬಟ್ಟೆ, ಶಾಲೆಯ ಹಳದಿ ಬಸ್ಸು ಎಲ್ಲ ಕಾಣುತ್ತವೆ. ಪೂರ್ವಕ್ಕೆ ಸುಮಾರು ಒಂದೂವರೆ ಗಂಟೆಯ ದಾರಿ. ನಡುವೆ ಸೈನ್ಯದವರು ಬಾಂಬು ಹಾಕಿ ಅಭ್ಯಾಸ ಮಾಡುವ ಜಾಗವಿದೆ, ಅದನ್ನು ಬಳಸಿ ಹೋಗಬೇಕು. ಅದಕ್ಕೆ ಅವನು ರೇಡಿಯೋದಲ್ಲಿ ಕೇಳುತ್ತ, ನಕ್ಷೆ ನೋಡುತ್ತ, ಮಾತಿಲ್ಲದೆ ಕೂತಿದ್ದ. ಆ ಮೌನವೂ ಬಸ್ಸಿನ ಚಾಲಕನದೇ. ಘಾಟಿನಲ್ಲಿ ಅಣ್ಣ ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ.

ಆಮೇಲೆ ಆಲ್ಬೆಮಾರ್ಲ್ ಎಂಬ ವಿಶಾಲ ಖಾರಿ ಬಂತು. ಸಮುದ್ರದ ತಮ್ಮನಂಥದ್ದು. ಕಂದು ನೀರು, ದಂಡೆಯಲ್ಲಿ ಅರ್ಧ ಮುಳುಗಿ ಒಣಗಿ ನಿಂತ ಮರಗಳು. ಶ್ರಾವಣದಲ್ಲಿ ಜಲಾಶಯ ತುಂಬಿದಾಗ ನಮ್ಮ ಹಿನ್ನೀರಿನ ಅಂಚು ಹೀಗೇ ಇರುತ್ತದೆ. ಮುಳುಗಿದ ಜಾಲಿ, ಅದರ ತುದಿಯಲ್ಲಿ ಕೂತ ಬೆಳ್ಳಕ್ಕಿ. ನಮ್ಮ ಹೊಲ ಎಲ್ಲಿತ್ತು ಅಂತ ದಂಡೆಯಲ್ಲಿ ನಿಂತು ಬೆರಳು ತೋರಿಸಬಹುದೇ ಹೊರತು ಮೇಲಿಂದ ನಾವ್ಯಾರೂ ನೋಡಿಲ್ಲ. “ಅಪ್ಪನ್ನ ಒಮ್ಮೆ ಹಿನ್ನೀರಿನ ಮ್ಯಾಲೆ ಕರಕೊಂಡು ಹೋಗಬೇಕಂತ ಕಲತೆ” ಅಂತ ಹೆಡ್‌ಸೆಟ್ಟಿನಲ್ಲಿ ಅವನ ದನಿ ಬಂತು. ಇಬ್ಬರೂ ಮುಂದೆ ನೋಡುತ್ತಿದ್ದೆವು. ಇದನ್ನು ಅವರಪ್ಪನಿಗೆ ಹೇಳಿದ್ದೀಯಾ ಅಂದೆ. “ಹೆಂಗ ಹೇಳ್ಲಿ? ಫೋನಿಗೇ ಬರಂಗಿಲ್ಲ.”

ನಾವು ಇಳಿದದ್ದು ಕಿಲ್ ಡೆವಿಲ್ ಹಿಲ್ಸ್ ಎಂಬಲ್ಲಿ. 1903ರ ಡಿಸೆಂಬರ್ 17ರಂದು ರೈಟ್ ಸೋದರರು ಹಾರಿದ ಜಾಗ. ಪುಸ್ತಕದಲ್ಲಿ ಕಿಟಿ ಹಾಕ್ ಅಂತ ಇರುತ್ತದೆ, ಅದು ಪಕ್ಕದ ಊರು. ಈ ಸ್ಮಾರಕದ ಮಗ್ಗುಲಲ್ಲೇ ಚಿಕ್ಕ ವಿಮಾನಗಳಿಗಾಗಿ ಮೂರು ಸಾವಿರ ಅಡಿಯ ಒಂದು ಓಣಿಯಂಥ ರನ್‌ವೇ. ಹೆಸರು ‘ಫಸ್ಟ್ ಫ್ಲೈಟ್’. ಕಂಟ್ರೋಲ್ ಗೋಪುರವಿಲ್ಲ, ದೀಪವಿಲ್ಲ, ಎಣ್ಣೆ ಸಿಗುವುದಿಲ್ಲ. ಬರುವವರು ರೇಡಿಯೋದಲ್ಲಿ ತಾವೇ ಕೂಗಿಕೊಳ್ಳಬೇಕು: ನಾನು ಇಂಥ ದಿಕ್ಕಿನಿಂದ ಬರುತ್ತಿದ್ದೇನೆ, ನಾನು ತಿರುಗುತ್ತಿದ್ದೇನೆ, ನಾನು ಇಳಿಯುತ್ತಿದ್ದೇನೆ. ಕತ್ತಲಲ್ಲಿ ಹೊಲದ ಬದುವಿನ ಮೇಲೆ ಕೆಮ್ಮುತ್ತ ಬರುವ ರೈತರ ಹಾಗೆ. ಇಪ್ಪತ್ನಾಲ್ಕು ಗಂಟೆಗಿಂತ ಹೆಚ್ಚು ವಿಮಾನ ನಿಲ್ಲಿಸುವಂತಿಲ್ಲ. ನಾವು ಹೋದಾಗ ಇನ್ನೂ ಮೂರು ನಿಂತಿದ್ದವು. ಹಗ್ಗದಿಂದ ರೆಕ್ಕೆಗಳನ್ನು ನೆಲಕ್ಕೆ ಕಟ್ಟಿ, ನಡೆದೇ ಒಳಗೆ ಹೋದೆವು.

ಮರಳಿನಲ್ಲಿ ಒಂದು ಬಂಡೆ, ಅಲ್ಲಿಂದ ಹಾರಿದ್ದು. ಮುಂದೆ ನಾಲ್ಕು ಕಲ್ಲು, ಅವತ್ತಿನ ನಾಲ್ಕು ಹಾರಾಟಗಳು ಇಳಿದ ಜಾಗ. ಮೊದಲನೆಯದು ನೂರಿಪ್ಪತ್ತು ಅಡಿ. ನಾನು ಹೆಜ್ಜೆಯಿಂದ ಅಳೆದೆ, ಐವತ್ತಾರು ಹೆಜ್ಜೆ. ಸೀರೆ ಉಟ್ಟವರ ಹೆಜ್ಜೆ ಚಿಕ್ಕದು ಅಂತ ಇಟ್ಟುಕೊಳ್ಳಿ. ನಮ್ಮ ಶಾಲೆಯ ಧ್ವಜಕಟ್ಟೆಯಿಂದ ಗೇಟಿನವರೆಗೂ ಆಗುವುದಿಲ್ಲ. ಹನ್ನೆರಡು ಸೆಕೆಂಡು. ಮೂವತ್ತು ವರ್ಷ ಈ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದು ಅಳಿಸಿದ್ದೇನೆ, ಅದು ಇಷ್ಟು ಗಿಡ್ಡ ಅಂತ ಕಾಲಿಗೆ ತಿಳಿದದ್ದು ಅವತ್ತು. ನಾಲ್ಕನೆಯ ಕಲ್ಲು ಮಾತ್ರ ದೂರ, 852 ಅಡಿ. ಅದನ್ನು ಹಾರಿಸಿದವನು ಅಣ್ಣ ವಿಲ್ಬರ್. ಅದಾದ ಮೇಲೆ ಬೀಸಿದ ಗಾಳಿಗೆ ವಿಮಾನ ಪಲ್ಟಿಯಾಗಿ ಮುರಿಯಿತು. ಅದು ಮತ್ತೆ ಹಾರಲೇ ಇಲ್ಲ. ಮೇಲೆ ದಿಬ್ಬದ ಮೇಲಿರುವ ಸ್ಮಾರಕ 1932ರದು. ಆ ದಿಬ್ಬ ಬರೀ ಮರಳು, ಗಾಳಿಗೆ ಸರಿಯುತ್ತಲೇ ಇತ್ತು. ಹುಲ್ಲು ನೆಟ್ಟು ಅದನ್ನು ಹಿಡಿದು ನಿಲ್ಲಿಸಿದ ಮೇಲೆ ಕಲ್ಲು ಕಟ್ಟಿದರು.

ಒಳಗಿನ ಕೋಣೆಯಲ್ಲಿರುವ ವಿಮಾನ ನಕಲು. ಅಸಲು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋದದ್ದೂ ಸುಲಭದಲ್ಲಲ್ಲ. ಸ್ಮಿತ್‌ಸೋನಿಯನ್ ತನ್ನ ಹಳೆಯ ಮುಖ್ಯಸ್ಥ ಲ್ಯಾಂಗ್ಲಿಯ ಯಂತ್ರವೇ ಹಾರಬಲ್ಲಂಥ ಮೊದಲ ವಿಮಾನ ಅಂತ ಫಲಕ ಹಾಕಿತು. ಅದಕ್ಕೆ ಸಿಟ್ಟಾದ ಓರ್‌ವಿಲ್ 1928ರಲ್ಲಿ ತನ್ನ ವಿಮಾನವನ್ನು ಹಡಗಿನಲ್ಲಿ ಲಂಡನ್ನಿಗೆ ಕಳಿಸಿಬಿಟ್ಟ. ಇಪ್ಪತ್ತು ವರ್ಷ ಅದು ಅಲ್ಲೇ ಇತ್ತು. 1942ರಲ್ಲಿ ಸ್ಮಿತ್‌ಸೋನಿಯನ್ ಮಾತು ಹಿಂತೆಗೆದುಕೊಂಡಿತು. ವಿಮಾನ ಮನೆಗೆ ಬಂದದ್ದು 1948ರಲ್ಲಿ, ಓರ್‌ವಿಲ್ ತೀರಿಕೊಂಡ ಮೇಲೆ. ನಮ್ಮ ಹುಡುಗನಿಗೆ ಉತ್ತರ ಕೊಡಬೇಕಾದರೆ, ಜಗತ್ತಿನ ಮೊದಲ ವಿಮಾನ ಸಮುದ್ರ ದಾಟಿದ್ದು ಹಾರಿಯೂ ಅಲ್ಲ, ಲಾರಿಯಲ್ಲೂ ಅಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ತಂಗಿ. ಕ್ಯಾಥರಿನ್ ರೈಟ್ ಡೇಟನ್ ಊರಿನ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಟೀಚರು. 1908ರಲ್ಲಿ ಓರ್‌ವಿಲ್ ವಿಮಾನ ಬಿದ್ದು ಗಾಯಗೊಂಡಾಗ ರಜೆ ಹಾಕಿ ಹೋಗಿ ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡಳು. ಮತ್ತೆ ಪಾಠಕ್ಕೆ ಮರಳಲಿಲ್ಲ. ವಿಲ್ಬರ್ ತೀರಿದ ಮೇಲೆ ವರ್ಷಗಟ್ಟಲೆ ಓರ್‌ವಿಲ್‌ನ ಮನೆ ನಡೆಸಿದಳು. ಐವತ್ತು ದಾಟಿದ ಮೇಲೆ, 1926ರಲ್ಲಿ ಮದುವೆಯಾದಳು. ಅಣ್ಣ ಮದುವೆಗೆ ಬರಲಿಲ್ಲ, ಮಾತು ಬಿಟ್ಟ. 1929ರಲ್ಲಿ ಅವಳು ನ್ಯುಮೋನಿಯಾದಿಂದ ಸಾಯುವ ಹೊತ್ತಿಗೆ ಮಾತ್ರ ಹಾಸಿಗೆಯ ಹತ್ತಿರ ಬಂದ. ಇಷ್ಟನ್ನು ಅಳಿಯನಿಗೆ ಹೇಳಿದೆ. ಇದನ್ನು ಅಲ್ಲಿಯ ಕಲ್ಲುಗಳ ಮೇಲೆ ಬರೆದಿಲ್ಲ, ನಾನು ಶಾಲೆಯಲ್ಲಿದ್ದಾಗ ಓದಿದ್ದು. ಅವನು ಏನೂ ಅನ್ನದೆ ರೊಟ್ಟಿ ಮುರಿಯುತ್ತ ಕೂತ.

ಮರಳುವ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ತಗ್ಗಿತು. ಅವನು ಫೋನಿನಲ್ಲಿ ಹವಾಮಾನ ನೋಡಿದ, ಆಕಾಶ ನೋಡಿದ, ಗಾಳಿಯ ಚೀಲ ನೋಡಿದ. “ಈಗ ಹೋಗೂದು ಬ್ಯಾಡ” ಅಂದ. ಮರುದಿನ ಅವನಿಗೆ ಕೆಲಸವಿತ್ತು. ಆದರೂ ಎರಡು ತಾಸು ಕೂತೆವು, ಆಮೇಲೂ ಆಗಲಿಲ್ಲ ಅಂತ ಅಲ್ಲೇ ಊರಿನಲ್ಲಿ ಒಂದು ಲಾಡ್ಜ್ ಹುಡುಕಿದೆವು. ನಿಲ್ಲಿಸಲು ಇಪ್ಪತ್ನಾಲ್ಕು ಗಂಟೆ ಇದ್ದದ್ದು ಒಳ್ಳೆಯದಾಯಿತು. ಬೆಳಿಗ್ಗೆ ತಿಳಿಯಾದ ಮೇಲೆ ಹತ್ತಿರದ ಮ್ಯಾಂಟಿಯೊಗೆ ಹಾರಿ ಎಣ್ಣೆ ತುಂಬಿಸಿಕೊಂಡು ಮನೆಯ ಹಾದಿ ಹಿಡಿದೆವು.

ಇಂಥದ್ದು ನಮ್ಮಲ್ಲಿ ಯಾಕಿಲ್ಲ ಅಂತ ಆ ಲಾಡ್ಜಿನಲ್ಲಿ ಬಹಳ ಹೊತ್ತು ಮಾತಾಡಿದೆವು. ಇಲ್ಲದ್ದೇನಲ್ಲ. ಜಕ್ಕೂರಿನಲ್ಲಿ ಸ್ವಾತಂತ್ರ್ಯ ಬಂದ ಹೊಸತರಿಂದಲೂ ಸರ್ಕಾರಿ ಹಾರಾಟದ ಶಾಲೆಯಿದೆ. ಎಚ್‌ಎಎಲ್ ಕಟ್ಟಿದ ‘ಪುಷ್ಪಕ’, ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನ, 1958ರಲ್ಲಿ ಹಾರಿ ದೇಶದ ಕ್ಲಬ್ಬುಗಳಿಗೆಲ್ಲ ಹೋಯಿತು. ಕಲಬುರಗಿಯಲ್ಲಿ, ಬೆಳಗಾವಿಯ ಸಾಂಬ್ರಾದಲ್ಲಿ ಈಗ ಹುಡುಗರು ಹಾರಲು ಕಲಿಯುತ್ತಿದ್ದಾರೆ. ನಮ್ಮ ವಿಜಯಪುರದ ಬುರಣಾಪುರದ ಬಯಲಿನಲ್ಲೂ 2021ರಲ್ಲಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. ಆದರೆ ನಮ್ಮಲ್ಲಿ ಹಾರುವುದು ಕಲಿಯುವವರು ಕೆಲಸಕ್ಕಾಗಿ ಕಲಿಯುತ್ತಾರೆ. ಭಾನುವಾರ ರೊಟ್ಟಿ ಕಟ್ಟಿಕೊಂಡು ಅತ್ತೆಯನ್ನು ಕೂರಿಸಿಕೊಂಡು ಹೋಗುವವರು ಕಡಿಮೆ. ಒಂದೂರಿಂದ ಇನ್ನೊಂದೂರಿಗೆ ಹೋಗಬೇಕಾದರೆ ಮೊದಲೇ ಯೋಜನೆ ಸಲ್ಲಿಸಿ ವಾಯುರಕ್ಷಣೆಯವರ ಅನುಮತಿಯ ಸಂಖ್ಯೆ ಪಡೆಯಬೇಕು, ಚಿಕ್ಕ ವಿಮಾನದ ಎಣ್ಣೆ ಎಲ್ಲ ಕಡೆ ಸಿಗುವುದಿಲ್ಲ. ಎಚ್‌ಎಎಲ್ ಸಂಗ್ರಹಾಲಯದ ಹತ್ತಿರವೇ ಅಷ್ಟು ಉದ್ದದ ರನ್‌ವೇ ಇದೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಆದರೂ ಸುಮ್ಮನೆ ಇಳಿದು, ಟಿಕೆಟು ತೆಗೆದುಕೊಂಡು ಮರುತ್ ನೋಡಿ ಬರುವ ಪದ್ಧತಿಯಿಲ್ಲ. ಕಾವಲಿನ ಜಾಗ, ಅದರ ಕಾರಣಗಳು ನನಗೆ ಅರ್ಥವಾಗುತ್ತವೆ. ವರ್ಷಕ್ಕೆ ಒಂದು ದಿನವಾದರೂ ಅಂತ ಆಸೆಪಡುವುದಕ್ಕೆ ಅನುಮತಿ ಬೇಕಿಲ್ಲವಲ್ಲ.

ಮನೆಗೆ ಬಂದ ರಾತ್ರಿ ವೈನಿಗೆ ಫೋನು ಮಾಡಿದೆವು. ಊರಲ್ಲಿ ಬೆಳಗಿನ ಹೊತ್ತು. ವೈನಿ ಸ್ಪೀಕರ್ ಹಾಕಿದ್ದರು. ಕುಕ್ಕರಿನ ಸೀಟಿ, ಹೊರಗೆ ಹಾಲಿನವನ ಗಂಟಲು ಎಲ್ಲ ಕೇಳುತ್ತಿತ್ತು. ನಾನು ತೂಕ ಮಾಡಿದ್ದರಿಂದ ಹಿಡಿದು ಹೇಳುತ್ತ ಹೋದೆ. ಕಡ್ಡಿ ಅದ್ದಿ ಎಣ್ಣೆ ಅಳೆದದ್ದು, ಮೋಡ ನೋಡಿ ಹೊರಡದೆ ಉಳಿದದ್ದು, ಹಿನ್ನೀರಿನಂಥ ನೀರು. ಅದರ ಮೇಲೆ ಅಳಿಯ ಹೇಳಿದ ಮಾತನ್ನೂ ಸ್ವಲ್ಪ ದೊಡ್ಡ ದನಿಯಲ್ಲೇ ಹೇಳಿದೆ. ವೈನಿ ಏನೂ ಅನ್ನಲಿಲ್ಲ. ಹಿಂದಿನಿಂದ ಅಣ್ಣನ ದನಿ ಬಂತು.

“ಲೀಟರಿಗಿ ಎಷ್ಟ ಕೊಡ್ತೈತಂತ ಕೇಳು.”

“ನೀವ ಕೇಳ್ರಿ” ಅಂದರು ವೈನಿ.

ಫೋನು ಕೈ ಬದಲಾದ ಸಪ್ಪಳ. ಅಳಿಯ ಸೋಫಾದಿಂದ ಎದ್ದು ನಿಂತುಬಿಟ್ಟಿದ್ದ.

“ಆರು ಕಿಲೋಮೀಟರ್, ಅಪ್ಪಾ.”

“ನಾಕ ಮಂದೀಗಿ ಆರಾ? ನಾ ಐವತ್ತ ಮಂದೀನ್ನ ಕುಂದರಿಸಿಕೊಂಡು ಐದು ತಗೀತಿದ್ನಿ.” ಸ್ವಲ್ಪ ಹೊತ್ತು ಬಿಟ್ಟು, “ಟೈರ್ ನೋಡಿದ್ದಿ?”

“ನೋಡಿದ್ನಿ.”

“ನಾಕೂ?”

“ಮೂರ ಅದಾವ ಅಪ್ಪಾ ಇದಕ್ಕ.”